ಒಂದು ಸಲವೂ ಹಾಕದ ಫೋರ್ ವೀಲ್

ಹಳೆ ಜೀಪು ಮಾರುವವರ ಬಾಯಲ್ಲಿ ಒಂದು ಮಾತು ಕಾಯಂ: "ಫೋರ್ ವೀಲ್ ಒಂದು ಸಲವೂ ಹಾಕಲಿಲ್ಲ ಮಾರಾಯ್ರೇ, ಹೊಸದರ ಹಾಗೇ ಉಂಟು." ಫೋರ್ ವೀಲ್ ಎಂದರೆ ಲಿವರು ಹಾಕಿದಾಗ ಹಿಂದಿನವುಗಳ ಜೊತೆ ಮುಂದಿನ ಎರಡು ಚಕ್ರವೂ ಎಳೆಯುವ ವ್ಯವಸ್ಥೆ. ಮೊದಲ ವಾಹನ ಹುಡುಕಿಕೊಂಡು ಹೋದವರಿಗೆ ಕೇಳಲಿಕ್ಕೆ ಬಹಳ ಚಂದದ ಮಾತು. ವರ್ಕ್‌ಶಾಪಿನವರಿಗೆ ಮಾತ್ರ ಅನುಮಾನ ಹುಟ್ಟುವುದೇ ಅಲ್ಲಿಂದ. ಹತ್ತು ವರ್ಷ ಅಲುಗಾಡದೆ ನಿಂತ ಲಿವರಿನ ಸರಳು ತುಕ್ಕು ಹಿಡಿದು ಗೂಟದ ಹಾಗೆ ಕೂತಿರುತ್ತದೆ. ಎಣ್ಣೆ ತಾಗದ ಆಯಿಲ್ ಸೀಲಿನ ರಬ್ಬರು ಒಣಗಿ ಬಿರಿದಿರುತ್ತದೆ. ಮುಂದಿನ ಹಬ್ಬಿನೊಳಗಿನ ಗ್ರೀಸು ಹಳೆ ಸಾಬೂನಿನಂತೆ ಗಟ್ಟಿ. ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟಿನ ಕೀಲು, ಅಂದರೆ ಕ್ರಾಸ್, ಒಂದೇ ಭಂಗಿಯಲ್ಲಿ ನಿಂತು ನಿಂತು ಸೂಜಿ ಬೇರಿಂಗುಗಳು ಒಂದೇ ಜಾಗದಲ್ಲಿ ಗುಳಿ ಮಾಡಿಕೊಂಡಿರುತ್ತವೆ. ಹೊಸ ಯಜಮಾನ ಮೊದಲ ಮಳೆಗಾಲದಲ್ಲಿ ಕೆಸರಿನಲ್ಲಿ ಸಿಕ್ಕಿ, ಮೊದಲ ಸಲ ಲಿವರಿಗೆ ಕೈ ಹಾಕಿದಾಗಲೇ ಇದೆಲ್ಲ ಬಿಲ್ಲಿನ ರೂಪದಲ್ಲಿ ಹೊರಗೆ ಬರುವುದು.

ತಿಂಗಳಿಗೊಮ್ಮೆಯಾದರೂ ಫೋರ್ ವೀಲ್ ಹಾಕಿ, ಕೆಸರಲ್ಲಿ ಓಡಿಸಿ, ಆಮೇಲೆ ಅಡಿಯಿಂದ ತೊಳೆದ ವಾಹನ ಮೈಮೇಲೆ ನಾಲ್ಕು ಗೀರು ಹೊತ್ತಿದ್ದರೂ ಮೇಲು. ಒಂದು ವೇಳೆ ಫೋರ್ ವೀಲ್ ವಾಹನವೇ ಬೇಕು ಎಂದಾದರೆ, ನೀವು ಹೆಚ್ಚುವರಿ ದುಡ್ಡು ಕೊಡುವುದು ಮುಂದಿನ ಎರಡು ಚಕ್ರ ಎಳೆಯುವುದಕ್ಕೆ. ಅವು ಎಳೆಯುತ್ತವೋ ಇಲ್ಲವೋ ಎಂದು ಪರೀಕ್ಷಿಸದೆ ಬಣ್ಣ, ಸೀಟು, ಮ್ಯೂಸಿಕ್ ಸಿಸ್ಟಮ್ ನೋಡಿ ಮುಂಗಡ ಕೊಡುವವರೇ ಜಾಸ್ತಿ.

ಫೋರ್ ವೀಲ್ ಬೇಕೇ ಎಂಬ ಪ್ರಶ್ನೆಯನ್ನು ಮೊದಲು ಮುಗಿಸಿಬಿಡಬೇಕು. ಕಾಸರಗೋಡಿನ ಒಳನಾಡಿನಲ್ಲಿ ಮನೆ ಗುಡ್ಡೆಯ ಬದಿಯಲ್ಲಿ, ತೋಟ ಬೈಲಿನಲ್ಲಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ದೇಲಂಪಾಡಿ, ಯಾವ ಕಡೆಗೆ ಹೋದರೂ ಡಾಮರಿನಿಂದ ಅಂಗಳಕ್ಕೆ ಒಂದು ಚಡಾವೋ ಇಳಿಜಾರೋ ಇದ್ದೇ ಇದೆ. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ. ಆಗ ಚಕ್ರದ ಅಡಿಗೆ ಸಿಗುವ ನೆಲ ಮೂರು ಬಗೆಯದು: ಹಾವಸೆ ಹಿಡಿದ ಕಾಂಕ್ರೀಟು, ಮೇಲಿನ ಮಣ್ಣು ತೊಳೆದುಹೋಗಿ ಚರಳು ಉಳಿದ ಮುರಕಲ್ಲಿನ ಚಡಾವು, ತೋಡಿನ ಬದಿಯ ತೋಟದ ಜೇಡಿ. ಮುಂದಿನ ಚಕ್ರ ಎಳೆಯುವ ಸಾಮಾನ್ಯ ಕಾರು ಚಡಾವು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಜಾರಿ, ಮುಂದಿನ ಟಯರು ಸುಮ್ಮನೆ ಗಿರಗಿರ ತಿರುಗುತ್ತದೆ. ಅಂಥ ಕಾರನ್ನು ಕೆಲವರು ರಿವರ್ಸಿನಲ್ಲಿ ಹತ್ತಿಸುವುದು ಅದಕ್ಕೇ.

ಆದರೆ ಇಲ್ಲಿ ಫೋರ್ ವೀಲ್ ನಿಜವಾಗಿ ಬೇಕಾಗುವುದು ಹತ್ತಲಿಕ್ಕಿಂತ ಹೆಚ್ಚು ಇಳಿಯಲಿಕ್ಕೆ. ಈ ಮಾತು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ಟೂ ವೀಲ್ ಜೀಪನ್ನು ಫಸ್ಟ್ ಗೇರಿನಲ್ಲಿ ಇಳಿಸಿದರೆ ಇಂಜಿನು ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಹೋಗಿ ಆ ಹಿಂದಿನವು ಹಗುರ ಆಗಿರುತ್ತವೆ. ಒದ್ದೆ ಚರಳಿನ ಮೇಲೆ ಅವು ಜಾರಿದವೋ, ಜೀಪಿನ ಹಿಂಭಾಗ ಮುಂಭಾಗವನ್ನು ಹಿಂದಿಕ್ಕಲು ಹೊರಡುತ್ತದೆ. ಲೋ ಗೇರಿನ ಫೋರ್ ವೀಲಿನಲ್ಲಿ ಅದೇ ಹಿಡಿತ ನಾಲ್ಕು ಚಕ್ರಕ್ಕೂ ಹಂಚಿಹೋಗುತ್ತದೆ. ಹಳೆ ಮಹೀಂದ್ರಾ ಜೀಪುಗಳಲ್ಲಿ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ ಗೇರು ಸುಮಾರು 2.46 ಪಟ್ಟು. ಅಂದರೆ ಫಸ್ಟ್ ಗೇರಿನ ವೇಗ ಅರ್ಧಕ್ಕಿಂತಲೂ ಕೆಳಗೆ. ಬ್ರೇಕು ಮುಟ್ಟದೆ, ಪಕ್ಕದಲ್ಲಿ ಕೊಡೆ ಹಿಡಿದು ನಡೆಯುವವರ ಜೊತೆ ಮಾತಾಡುತ್ತಾ ಇಳಿಯಬಹುದು.

ಮನೆಯ ತನಕ ಪಂಚಾಯತಿನ ಕಾಂಕ್ರೀಟು ಬಂದಿದ್ದು, ತೋಟಕ್ಕೆ ನಡೆದೇ ಹೋಗುವವರಾದರೆ ಇದು ಯಾವುದೂ ಬೇಡ. ಅಡಿ ಎತ್ತರ ಇರುವ ಟೂ ವೀಲ್ ವಾಹನ, ಒಳ್ಳೆ ಟಯರು, ಮಳೆಗಾಲಕ್ಕೆ ಮೊದಲು ಕಾಂಕ್ರೀಟಿಗೆ ಒಂದು ಸುತ್ತು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ಕೆಲಸ ಮುಗಿಯಿತು. ಫೋರ್ ವೀಲ್ ಎಂದರೆ ಇನ್ನೊಂದು ಡಿಫರೆನ್ಷಿಯಲ್ (ಶಾಫ್ಟಿನ ಶಕ್ತಿಯನ್ನು ಎಡಬಲ ಚಕ್ರಗಳಿಗೆ ಹಂಚುವ ಗೇರು), ಇನ್ನೊಂದು ಶಾಫ್ಟು, ಒಂದು ಟ್ರಾನ್ಸ್‌ಫರ್ ಕೇಸು. ಪ್ರತಿಯೊಂದಕ್ಕೂ ಅದರದೇ ಎಣ್ಣೆ, ಸೀಲು, ಸದ್ದು.

ಬೇಕು ಎಂದಾದ ಮೇಲೆ ಹೆಸರಿನ ಮೋಸಕ್ಕೆ ಬೀಳಬಾರದು. ಹಿಂದೆ ದೊಡ್ಡದಾಗಿ ಅಂಟಿಸಿದ ಸ್ಟಿಕ್ಕರಿಗೆ ನೂರಿನ್ನೂರು ರೂಪಾಯಿ ಸಾಕು. ಮಹೀಂದ್ರಾದ ಮೇಜರ್, ಕಮಾಂಡರ್, ಬೊಲೆರೊಗಳಲ್ಲಿ ರಸ್ತೆಗೆ ಬಂದದ್ದು ಹೆಚ್ಚಾಗಿ ಟೂ ವೀಲೇ. 2010ರಲ್ಲಿ ಬಂದ ಥಾರ್‌ನ ಡಿಐ ಮಾದರಿಯಲ್ಲಿ ಟೂ ವೀಲೂ ಇತ್ತು. 2020ರ ಹೊಸ ಥಾರ್ ಮೊದಲು ಫೋರ್ ವೀಲ್ ಮಾತ್ರ ಆಗಿದ್ದು, 2023ರ ಜನವರಿಯಿಂದ ಹಿಂದಿನ ಚಕ್ರ ಮಾತ್ರ ಎಳೆಯುವ ಮಾದರಿಯೂ ಸೇರಿಕೊಂಡಿತು. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರೇ. ಗುರುತು ಹಿಡಿಯಲಿಕ್ಕೆ ಮುಂದಿನ ಬಂಪರಿನ ಅಡಿಗೆ ಬಗ್ಗಿ ನೋಡಿ. ಎರಡು ಚಕ್ರಗಳ ನಡುವೆ ತೆಂಗಿನಕಾಯಿ ಗಾತ್ರದ ಕಬ್ಬಿಣದ ಉಂಡೆ, ಅದಕ್ಕೆ ಹಿಂದಿನಿಂದ ಬಂದು ಸೇರುವ ಶಾಫ್ಟು ಇದ್ದರೆ ಫೋರ್ ವೀಲ್. ಇಲ್ಲದಿದ್ದರೆ ಲಿವರು ಎರಡಿದ್ದರೂ ಅದು ಅಲಂಕಾರ.

ರೆನೋ ಡಸ್ಟರ್ ಎಡಬ್ಲ್ಯೂಡಿ ಬೇರೆಯದೇ ಜಾತಿ. ಇಲ್ಲಿಗೆ 2014ರಲ್ಲಿ ಬಂತು, 1.5 ಲೀಟರ್ ಡೀಸೆಲ್. ಮುಂದಿನ ಚಕ್ರ ಜಾರಿದಾಗ ವಿದ್ಯುತ್ ಕಪ್ಲಿಂಗ್ ಹಿಂದಿನವಕ್ಕೂ ಶಕ್ತಿ ಕಳಿಸುತ್ತದೆ. ಪ್ರತ್ಯೇಕ ಲೋ ಗೇರಿಲ್ಲ, ಅದರ ಬದಲಿಗೆ ಫಸ್ಟ್ ಗೇರನ್ನೇ ಗಿಡ್ಡ ಮಾಡಿದ್ದಾರೆ. ವಾರಕ್ಕೆ ಎರಡು ಸಲ ಮಂಗಳೂರಿಗೆ ಹೋಗಿ ಬರುವ, ಮನೆಯ ಚಡಾವು ಮಾತ್ರ ಕಷ್ಟ ಎನ್ನುವ ಕುಟುಂಬಕ್ಕೆ ಇದು ಜೀಪಿಗಿಂತ ಒಳ್ಳೆಯದು. ಅಜ್ಜಿಯೂ ಸಲೀಸಾಗಿ ಹತ್ತಿ ಕೂರಬಹುದು. ಗೊಬ್ಬರದ ಗೋಣಿ ಹೇರಿಕೊಂಡು ತೋಡು ದಾಟಿಸುತ್ತೇನೆ ಎಂದರೆ ಆಗದು, ಕಪ್ಲಿಂಗ್ ಬಿಸಿಯಾಗಿ ಕೈಕೊಡುತ್ತದೆ. ತೆಗೆದುಕೊಳ್ಳುವುದಾದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತೆಂಬ ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಬದಲಾಗಿಲ್ಲ ಎಂದೇ ಲೆಕ್ಕ.

ಮೊದಲ ವಾಹನವಾಗಿ ಈ ಊರಿನ ಮಟ್ಟಿಗೆ ಮಾರುತಿ ಜಿಪ್ಸಿಗೆ ಸಾಟಿ ಕಡಿಮೆ. 1985ರ ಕೊನೆಗೆ ಬಂದದ್ದು 970 ಸಿಸಿಯದು, 1996ರಲ್ಲಿ 1,298 ಸಿಸಿಯ ಕಿಂಗ್. ಕಾರ್ಬ್ಯುರೇಟರ್ ಹೋಗಿ ಪೆಟ್ರೋಲು ಚಿಮ್ಮಿಸುವ ಎಂಪಿಎಫ್‌ಐ ಬಂದ ಮೇಲಿನದ್ದನ್ನೇ ಹುಡುಕುವುದು ಒಳ್ಳೆಯದು. ತೂಕ ಒಂದು ಟನ್ನಿನ ಆಸುಪಾಸು. ಕೆಸರಲ್ಲಿ ಹೂತರೂ ನಾಲ್ಕು ಜನ ಸೇರಿ ತಳ್ಳಿ ಹೊರಗೆ ತರಬಹುದು. ಬೆನ್ನಿಗೆ ಸುಖವಿಲ್ಲ, ಪೆಟ್ರೋಲು ಲೀಟರಿಗೆ ಹತ್ತು ಕಿಲೋಮೀಟರ್ ಸಿಕ್ಕಿದರೆ ಪುಣ್ಯ. 2023ರ ಜಿಮ್ನಿ ಅದೇ ಬಗೆಯ ಎಲುಬಿನ ಮೇಲೆ ಕಾಯಿಲ್ ಸ್ಪ್ರಿಂಗು, ಏರ್‌ಬ್ಯಾಗು, ಎಬಿಎಸ್ ಹಾಕಿದ್ದು. ಬಜೆಟ್ ಇದ್ದರೆ ಕಲಿಯುವವರಿಗೆ ಅದು ಜಿಪ್ಸಿಗಿಂತ ಸುರಕ್ಷಿತ ಆಯ್ಕೆ. 2010ರಿಂದ 2020ರ ತನಕದ ಥಾರ್ ಸಿಆರ್‌ಡಿಇ ಗಟ್ಟಿ ಆಳು. 2015ರ ಬದಲಾವಣೆಯ ನಂತರದ್ದರಲ್ಲಿ ಹಿಂದಿನ ಡಿಫರೆನ್ಷಿಯಲ್ ತಾನಾಗಿ ಲಾಕ್ ಆಗುತ್ತದೆ, ಒಂದು ಚಕ್ರ ಗಾಳಿಯಲ್ಲಿ ತಿರುಗಿದರೂ ಇನ್ನೊಂದು ಎಳೆಯುತ್ತದೆ. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಲಾಕ್ ಉಂಟು, ಆದರೆ ಮಾರಾಟಕ್ಕೆ ಸಿಗುವುದೇ ಅಪರೂಪ. ಸಫಾರಿ, ಸ್ಕಾರ್ಪಿಯೊಗಳ ಫೋರ್ ವೀಲ್ ಮಾದರಿಗಳಲ್ಲಿ ಗುಂಡಿ ತಿರುಗಿಸಿ ಹಾಕುವ ಮೋಟಾರು ಇರುವುದರಿಂದ ಅದರ ದೀಪ ಬರೀ ಮಿನುಗುತ್ತಾ ನಿಂತರೆ ಆ ವಾಹನ ಬಿಡಿ. ಎಷ್ಟೋ ಸಲ ತಪ್ಪು ಮೋಟಾರಿನದ್ದಲ್ಲ, ಅಡಿಕೆ ಕೊಟ್ಟಿಗೆಯ ಇಲಿ ಕಡಿದ ವಯರಿನದ್ದು. ಆದರೆ ಅದನ್ನು ಹುಡುಕುವ ಕೂಲಿ ನಿಮ್ಮ ಮೇಲೆ ಬೀಳುವುದು ಬೇಡ.

ಡೀಸೆಲಿನ ಬಗ್ಗೆ ಒಂದು ಎಚ್ಚರಿಕೆ. 2020ರಿಂದ ಈಚಿನ ಬಿಎಸ್6 ಡೀಸೆಲ್‌ಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಉಂಟು. ಇಂಜಿನು ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ಹದದಲ್ಲಿ ಓಡಿದರೆ ಆ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ತೋಟಕ್ಕೆ, ತೋಟದಿಂದ ಸೊಸೈಟಿಗೆ, ಮೂರು ಮೂರು ಕಿಲೋಮೀಟರಿನ ಓಡಾಟ ಮಾತ್ರ ಇದ್ದರೆ ಮಸಿ ತುಂಬುತ್ತಲೇ ಹೋಗಿ ದೀಪ ಹತ್ತುತ್ತದೆ. ಅಂಥವರಿಗೆ ಪೆಟ್ರೋಲೇ ವಾಸಿ.

ಈಗ ಅಡಿಗೆ ಮಲಗುವ ಕೆಲಸ. ಬೆಳಿಗ್ಗೆ ಬೇಗ ಹೋಗಿ, ಬರುವುದಕ್ಕೆ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಯೇ ಹೋಗಿ. ಒಂದು ಹಳೆ ಗೋಣಿ, ಟಾರ್ಚು, ಸಣ್ಣ ಸುತ್ತಿಗೆ, ಚಾಕಿನ ತುಂಡು, ಜ್ಯಾಕ್, ಚಕ್ರಕ್ಕೆ ಅಡ್ಡ ಇಡಲು ಎರಡು ಕಲ್ಲು. ಬಾನೆಟ್ಟಿಗೆ ಕೈಯಿಟ್ಟು ತಣ್ಣಗಿದೆ ಎಂದು ನೋಡಿದ ಮೇಲೆ ಮೊದಲ ಸ್ಟಾರ್ಟು. ನೀಲಿ ಹೊಗೆ ನಿಲ್ಲದೆ ಬಂದರೆ ಇಂಜಿನು ಎಣ್ಣೆ ಕುಡಿಯುತ್ತಿದೆ. ಇಂಜಿನು ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಬಾಯಿಯ ಮೇಲೆ ಬೋರಲು ಇಡಿ. ಸಣ್ಣಗೆ ಕುಣಿದರೆ ಪರವಾಗಿಲ್ಲ, ಹಾರಿ ಬಿದ್ದರೆ ಪಿಸ್ಟನ್ ರಿಂಗು ಸವೆದಿದೆ. ಹಳೆ ಇಂಜಿನಿನ ರಿಪೇರಿ ಈ ಕಡೆ ಗೊತ್ತಿಲ್ಲದ ವಿದ್ಯೆ ಅಲ್ಲ, ಬಿಡಿಭಾಗವೂ ಸಿಗುತ್ತದೆ. ಹಾಗಾಗಿ ಇಂಜಿನು ಸ್ವಲ್ಪ ಸುಸ್ತಾಗಿದ್ದರೆ ದರದಲ್ಲಿ ಹೊಂದಿಸಿಕೊಳ್ಳಬಹುದು. ವಾಹನದ ಅಡಿಯ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ, ಕೊಳೆತಿದ್ದರೆ ಯಾವ ದರಕ್ಕೂ ಬೇಡ.

ಚಾಸಿ ಕೊಳೆಯುವುದು ಕಾಣುವ ಕಡೆಯಲ್ಲಿ ಅಲ್ಲ. ಪಟ್ಟಿಯ ಒಳಗೆ ಟೊಳ್ಳು, ಅದರ ಅಡಿಗೆ ನೀರಿಳಿಯುವ ತೂತು. ಕೆಂಪು ಮಣ್ಣು ಆ ತೂತಿನಲ್ಲಿ ಗಟ್ಟಿಯಾದರೆ ಮಳೆಗಾಲದ ಒದ್ದೆ ಡಿಸೆಂಬರ್ ತನಕ ಒಳಗೇ ಉಳಿಯುತ್ತದೆ, ಕಬ್ಬಿಣ ಒಳಗಿನಿಂದ ಹೊರಗೆ ತಿನ್ನಿಸಿಕೊಳ್ಳುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ನಿಂತ ವಾಹನಕ್ಕೆ ಉಪ್ಪಿನ ಗಾಳಿಯೂ ಸೇರುತ್ತದೆ. ಸುತ್ತಿಗೆಯಿಂದ ಹಗುರವಾಗಿ ಬಡಿಯುತ್ತಾ ಹೋಗಿ. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಠಣ್ ಎನ್ನುತ್ತದೆ, ತಿಂದದ್ದು ಒದ್ದೆ ಹಲಗೆ ಬಡಿದ ಹಾಗೆ ಮಂಕು. ಹಿಂದಿನ ಪ್ಲೇಟ್ ಸೆಟ್ಟಿನ ಶ್ಯಾಕಲ್ ಕೂರುವ ಜಾಗ, ರೇಡಿಯೇಟರಿನ ಅಡಿಯ ಅಡ್ಡಪಟ್ಟಿ, ಬಾಡಿಯನ್ನು ಚಾಸಿಗೆ ಬಿಗಿದ ರಬ್ಬರುಗಳ ಸುತ್ತ, ಹಿಂದಿನ ಚಕ್ರದ ನೇರ ಮೇಲೆ: ಈ ನಾಲ್ಕು ಕಡೆ ಅವಸರ ಮಾಡಬೇಡಿ. ಜಿಪ್ಸಿಯಾದರೆ ಮ್ಯಾಟ್ ಎತ್ತಿ ಕಾಲಿಡುವ ತಗಡನ್ನೂ ಒತ್ತಿ ನೋಡಿ. ಅಡಿಭಾಗಕ್ಕೆ ಮೊನ್ನೆ ಮೊನ್ನೆ ಕಪ್ಪು ಬಣ್ಣ ಹೊಡೆದಿದ್ದರೆ, ಕಾಯಿಲೆಗೆ ಪೌಡರು ಹಾಕಿದಂತೆ ಎಂದುಕೊಳ್ಳಿ. ಅಲ್ಲಿ ಸುತ್ತಿಗೆ ಇನ್ನಷ್ಟು ಹೆಚ್ಚು ಕೆಲಸ ಮಾಡಬೇಕು.

ಮುಂದೆ ಚಕ್ರ. ಮುಂದಿನ ಆಕ್ಸಲ್ ಎತ್ತಿ, ಚಕ್ರದ ನೆತ್ತಿ ಮತ್ತು ಬುಡ ಹಿಡಿದು ಅಲುಗಾಡಿಸಿ. ಪ್ಲೇ ಸಿಕ್ಕಿದರೆ ಇನ್ನೊಬ್ಬರಿಗೆ ಬ್ರೇಕು ಒತ್ತಲು ಹೇಳಿ ಮತ್ತೆ ಅಲುಗಾಡಿಸಿ. ಆಗ ಆಟ ನಿಂತರೆ ವೀಲ್ ಬೇರಿಂಗು, ನಿಲ್ಲದಿದ್ದರೆ ಚಕ್ರ ಎಡಬಲ ತಿರುಗುವ ಕೀಲು, ಅಂದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟು. ಹಳೆ ಜೀಪು, ಜಿಪ್ಸಿಗಳು ಅರುವತ್ತರ ವೇಗದಲ್ಲಿ ಗುಂಡಿ ದಾಟಿದಾಗ ಸ್ಟೇರಿಂಗು ಹುಚ್ಚು ಹಿಡಿದಂತೆ ಕುಣಿಯುವ ವಾಬ್ಲಿಂಗಿಗೆ ದೊಡ್ಡ ಕಾರಣ ಇದೇ ಕಿಂಗ್‌ಪಿನ್ ಬೇರಿಂಗು. ಚಕ್ರದ ಹಿಂಬದಿಯ ಗುಂಡಗಿನ ನಕ್ಕಲ್ಲಿನಿಂದ ಎಣ್ಣೆ ಇಳಿದು ಟಯರಿನ ಒಳಮೈಗೆ ತಾಗಿದ್ದರೆ ಒಳಗಿನ ಸೀಲೂ ಹೋಗಿದೆ. ಥಾರ್, ಸ್ಕಾರ್ಪಿಯೊ, ಸಫಾರಿಯಲ್ಲಿ ಆ ಜಾಗದಲ್ಲಿ ರಬ್ಬರ್ ಬೂಟು. ಅದು ಹರಿದು ಗ್ರೀಸು ಹೊರಗೆ, ಮಣ್ಣು ಒಳಗೆ ಹೋಗಿದ್ದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಿಕ್ ಟಿಕ್ ಎಂದು ಕೇಳಿಸುತ್ತದೆ. ಚಕ್ರವನ್ನು ಶಾಫ್ಟಿಗೆ ಜೋಡಿಸಲು, ಬಿಡಿಸಲು ಕೈಯಿಂದ ತಿರುಗಿಸುವ ಹಬ್ ಇದ್ದರೆ ಎತ್ತಿದ ಚಕ್ರದಲ್ಲೇ ನೋಡಬಹುದು: ಲಾಕ್ ಮಾಡಿದಾಗ ಚಕ್ರದ ಜೊತೆ ಒಳಗಿನ ಶಾಫ್ಟೂ ತಿರುಗಬೇಕು, ಫ್ರೀ ಮಾಡಿದಾಗ ತಿರುಗಬಾರದು. ಎರಡೂ ಬದಿ ನೋಡಿ. ಒಂದೇ ಬದಿಯ ಹಬ್ ಹಿಡಿದರೆ ಡಿಫರೆನ್ಷಿಯಲ್ ಶಕ್ತಿಯನ್ನೆಲ್ಲ ಹಿಡಿಯದ ಬದಿಗೆ ಸುರಿದುಬಿಡುತ್ತದೆ, ಮುಂದಿನ ಎರಡೂ ಚಕ್ರ ಸತ್ತಂತೆಯೇ.

ಚಾಕಿನ ತುಂಡು ಯಾಕೆಂದರೆ, ಹಳೆ ಜೀಪು ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚು ಮರೆಯುವ ಪರೀಕ್ಷೆಗೆ. ಮಹೀಂದ್ರಾ ಜೀಪುಗಳ ಡಿಫರೆನ್ಷಿಯಲ್ ಅನುಪಾತ (ಚಕ್ರದ ಒಂದು ಸುತ್ತಿಗೆ ಶಾಫ್ಟು ಹಾಕುವ ಸುತ್ತು) ಮಾದರಿಯಿಂದ ಮಾದರಿಗೆ ಬೇರೆ, 5.38 ಒಂದು, 4.88ರ ಆಸುಪಾಸಿನದ್ದು ಇನ್ನೊಂದು. ಹಿಂದಿನ ಡಿಫರೆನ್ಷಿಯಲ್ ಒಳಗಿನ ದೊಡ್ಡ ಹಲ್ಲುಚಕ್ರ, ಅಂದರೆ ಕ್ರೌನು, ಮುರಿದಾಗ ಗುಜರಿಯಿಂದ ಸಿಕ್ಕಿದ ಹೌಸಿಂಗನ್ನು ಹಾಗೇ ತಂದು ಕೂರಿಸುವುದುಂಟು. ಟೂ ವೀಲಿನಲ್ಲಿ ಓಡುವಾಗ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ. ಫೋರ್ ವೀಲ್ ಹಾಕಿದ ಕ್ಷಣ ಮುಂದಿನ ಚಕ್ರ ಒಂದು ವೇಗದಲ್ಲಿ, ಹಿಂದಿನದ್ದು ಇನ್ನೊಂದು ವೇಗದಲ್ಲಿ ತಿರುಗಲು ಹೊರಟು ನಡುವಿನ ಟ್ರಾನ್ಸ್‌ಫರ್ ಕೇಸು ಹಿಂಡಿಹೋಗುತ್ತದೆ. ಮಾರುವವರು ಫೋರ್ ವೀಲ್ ಹಾಕದೇ ಇರುವುದಕ್ಕೆ ಇದೂ ಕಾರಣ ಇರಬಹುದು.

ಪರೀಕ್ಷೆ ಹೀಗೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ. ಇನ್ನೊಂದು ನೆಲದ ಮೇಲೇ ಇರಬೇಕು. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಟಯರಿನ ಮೇಲೊಂದು, ಶಾಫ್ಟಿನ ಮೇಲೊಂದು ಚಾಕಿನ ಗೆರೆ. ಚಕ್ರವನ್ನು ಕೈಯಿಂದ ಸರಿಯಾಗಿ ಎರಡು ಸುತ್ತು ತಿರುಗಿಸಿ, ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತು ಹಾಕಿತೆಂದು ಒಬ್ಬರು ಎಣಿಸಲಿ. ಎರಡು ಸುತ್ತು ಯಾಕೆಂದರೆ ಒಂದು ಚಕ್ರ ನೆಲದಲ್ಲಿ ಕಚ್ಚಿ ನಿಂತಾಗ ಇನ್ನೊಂದರ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ. ಐದಕ್ಕಿಂತ ಸ್ವಲ್ಪ ಕಡಿಮೆ ಬಂದರೆ 4.88, ಐದೂಕಾಲು ದಾಟಿ ಐದೂವರೆಯ ಹತ್ತಿರ ಬಂದರೆ 5.38. ಆಮೇಲೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಬ್ ಲಾಕ್ ಮಾಡಿ, ಟ್ರಾನ್ಸ್‌ಫರ್ ಟೂ ವೀಲಿನಲ್ಲಿರುವಾಗ ಮುಂದಿನದ್ದಕ್ಕೂ ಇದೇ ಎಣಿಕೆ. ಎರಡೂ ಒಂದೇ ಬರಬೇಕು. ಕಾಲು ಗಂಟೆಯ ಕೆಲಸ. ಹಿಂದೆ ತಾನಾಗಿ ಲಾಕ್ ಆಗುವ ಡಿಫರೆನ್ಷಿಯಲ್ ಇದ್ದರೂ ನಿಧಾನಕ್ಕೆ ತಿರುಗಿಸಿದರೆ ಲೆಕ್ಕ ಸಿಗುತ್ತದೆ.

ಅಡಿಯಲ್ಲಿ ಇರುವಾಗಲೇ ಎರಡೂ ಡಿಫರೆನ್ಷಿಯಲ್‌ಗಳ ಮೇಲಿನ ಬೋಲ್ಟು ಬಿಚ್ಚಿ ಕಿರುಬೆರಳು ಹಾಕಿ ನೋಡಬೇಕು. ಬೆರಳ ತುದಿಗೆ ಎಣ್ಣೆ ತಾಗಬೇಕು, ಬಣ್ಣ ಜೇನಿನದ್ದೋ ಕರಿಯೋ ಇರಲಿ. ಹಾಲು ಹಾಕಿದ ಕಾಫಿಯ ಬಣ್ಣ ಆದರೆ ನೀರು ಹೊಕ್ಕಿದೆ. ಕೆಲಸ ಮಾಡಿ ಬಿಸಿಯಾದ ಹೌಸಿಂಗು ತೋಡಿಗಿಳಿದಾಗ ಒಮ್ಮೆಲೇ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಸಣ್ಣ ಬ್ರೀದರ್ ನಳಿಗೆ ತೆರೆದಿದ್ದರೆ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಅದು ಮಣ್ಣಿನಿಂದ ಮುಚ್ಚಿದ್ದರೆ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಬೆರಳಿಗೆ ಅಂಟಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದಾಗ ಬೂದಿಯಂಥ ಹೊಳಪು ಸಾಮಾನ್ಯ, ಚೂರುಗಳು ಸಿಕ್ಕಿದರೆ ಹಲ್ಲು ಉದುರುತ್ತಿದೆ.

ಓಡಿಸಿ ನೋಡುವುದಕ್ಕೆ ಡಾಮರು ಬಿಟ್ಟು ಚರಳಿನ ಮೈದಾನವೋ ಕಲ್ಲಿನ ಕೋರೆಯ ದಾರಿಯೋ ಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಉದ್ದದ ದಾರಿ ಸಾಗುತ್ತವೆ. ಜೀಪು, ಜಿಪ್ಸಿ, ಥಾರ್‌ಗಳ ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ ಆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇಲ್ಲ. ಚರಳಿನಲ್ಲಿ ಟಯರು ಸ್ವಲ್ಪ ಜಾರಿ ಬಿಗಿ ಬಿಡಿಸಿಕೊಳ್ಳುತ್ತದೆ, ಒಣ ಡಾಮರಿನಲ್ಲಿ ಬಿಡಿಸಿಕೊಳ್ಳಲು ಆಗದೆ ಶಾಫ್ಟುಗಳು ತಿರುಚಿಕೊಳ್ಳುತ್ತವೆ, ಲಿವರು ಹಿಂದಕ್ಕೆ ಬರುವುದಿಲ್ಲ. ಹಾಗಾಗಿ ಚರಳಿನಲ್ಲಿ ಹಾಕಿ ಗುಂಡಗೆ ತಿರುಗಿಸಿ: ಸ್ಟೇರಿಂಗ್ ಭಾರವಾಗಿ, ವಾಹನ ಒಳಗೊಳಗೇ ತಡೆದಂತೆ ಆದರೆ ಅದು ರೋಗವಲ್ಲ, ಮುಂದಿನ ಚಕ್ರ ಎಳೆಯುತ್ತಿದೆ ಎಂಬುದಕ್ಕೆ ಸಾಕ್ಷಿ. ಏನೂ ವ್ಯತ್ಯಾಸವೇ ಇಲ್ಲದಿದ್ದರೆ ಎಲ್ಲೋ ಕೊಂಡಿ ಕಳಚಿದೆ. ಆಮೇಲೆ ಲೋ ಗೇರು, ಫಸ್ಟಿನಲ್ಲಿ ಒಂದು ಇಳಿಜಾರು. ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಲಿವರು ಟಪ್ಪೆಂದು ನ್ಯೂಟ್ರಲಿಗೆ ಹಾರಿದರೆ ಟ್ರಾನ್ಸ್‌ಫರ್ ಒಳಗಿನ ಹಲ್ಲು ಸವೆದಿದೆ. ನಡು ಇಳಿಜಾರಿನಲ್ಲಿ ಹೀಗಾದರೆ ಇಂಜಿನಿನ ಹಿಡಿತವೆಲ್ಲ ಒಮ್ಮೆಲೇ ಕೈತಪ್ಪುತ್ತದೆ. ಹಾಗಾಗಿ ಪರೀಕ್ಷೆಯ ಹೊತ್ತಿಗೆ ಕಾಲು ಬ್ರೇಕಿನ ಮೇಲೇ ಇರಲಿ.

ಮೀಟರಿನ ಕಿಲೋಮೀಟರಿಗೆ ಮರುಳಾಗಬೇಡಿ. ಕೊಡಗಿನ ಎಸ್ಟೇಟಿನಲ್ಲಿ ಹದಿನೈದು ವರ್ಷ ಲೋ ಗೇರಿನಲ್ಲೇ ದುಡಿದ ಜೀಪು ಅರುವತ್ತು ಸಾವಿರ ತೋರಿಸಬಹುದು. ಅದರ ಇಂಜಿನು ಓಡಿದ ಗಂಟೆಗಳು ಹೈವೇಯಲ್ಲಿ ಎರಡು ಲಕ್ಷ ಓಡಿದ ಕಾರಿನಷ್ಟೇ. 2018ರ ಆಗಸ್ಟಿನ ನೆರೆ ಕಾಸರಗೋಡನ್ನು ಬಿಟ್ಟರೂ ತೆಂಕಣ ಜಿಲ್ಲೆಗಳಲ್ಲಿ ಮುಳುಗಿದ ವಾಹನಗಳು ಎಲ್ಲೆಲ್ಲಿಗೋ ಮಾರಾಟವಾಗಿವೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಕೆಸರಿನ ಕಲೆ ಅಲ್ಲಿ ಅಡಗಿರುತ್ತದೆ.

ಟಯರು ನಾಲ್ಕೂ ಒಂದೇ ಅಳತೆ, ಸಾಧ್ಯವಾದಷ್ಟು ಒಂದೇ ಸವೆತ. ಬದಿಯ ನಾಲ್ಕು ಅಂಕಿಯಲ್ಲಿ 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರೇಳು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಇದ್ದರೂ ರಬ್ಬರು ಗಟ್ಟಿಯಾಗಿ ಒದ್ದೆ ಕಾಂಕ್ರೀಟಿನಲ್ಲಿ ಜಾರುತ್ತದೆ.

ಕಾಗದದ ವಿಷಯಕ್ಕೆ ಬಂದರೆ ಈ ಜಿಲ್ಲೆಯವರಿಗೆ ತಲಪಾಡಿ, ಸಾರಡ್ಕ, ಗಾಳಿಮುಖ, ಜಾಲ್ಸೂರು ದಾಟಿದರೆ ಮಾರುಕಟ್ಟೆ ದೊಡ್ಡದು. ಪುತ್ತೂರು, ಮಂಗಳೂರಿನ ಕೆಎ 21, ಕೆಎ 19 ವಾಹನ ಕಾಸರಗೋಡಿನ ಕೆಎಲ್ 14ರದ್ದಕ್ಕಿಂತ ಅಗ್ಗಕ್ಕೆ ಸಿಕ್ಕಿದಂತೆ ಕಾಣುತ್ತದೆ. ಲೆಕ್ಕ ಹಾಕುವಾಗ ಅಲ್ಲಿನ ಎನ್‌ಒಸಿ, ಅಂದರೆ ಫಾರ್ಮ್ 28, ಹಸ್ತಾಂತರದ 29 ಮತ್ತು 30, ಸಾಲ ಇದ್ದರೆ ಬ್ಯಾಂಕಿನಿಂದ 35, ಹೊಸ ನಂಬರಿಗೆ 27, ಇವಿಷ್ಟರ ಜೊತೆಗೆ ಕೇರಳದ ತೆರಿಗೆಯನ್ನೂ ಸೇರಿಸಬೇಕು. ಆರ್‌ಟಿಒ ಕಚೇರಿಯಲ್ಲಿ ಆ ಮೊತ್ತ ಮೊದಲೇ ಕೇಳಿಕೊಂಡು ಆಮೇಲೆ ದರದ ಮಾತಿಗೆ ಕೂರಿ. ಕೆಎ ಬೋರ್ಡಿನಲ್ಲೇ ಓಡಿಸೋಣ ಎಂಬ ಉಪಾಯ ಹೆಚ್ಚು ದಿನ ನಡೆಯದು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಕಡ್ಡಾಯವೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ಹದಿನೈದು ವರ್ಷ ತುಂಬಿದ ಖಾಸಗಿ ವಾಹನಕ್ಕೆ ಐದೈದು ವರ್ಷಕ್ಕೊಮ್ಮೆ ನವೀಕರಣ, ಜೊತೆಗೆ ಹಸಿರು ತೆರಿಗೆ.

ಚಾಸಿ ನಂಬರನ್ನು ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ. ಮಿಲಿಟರಿ ಹರಾಜಿನ ಜೀಪುಗಳಲ್ಲಿ, ಎರಡು ಮೂರು ಜೀಪು ಸೇರಿಸಿ ಒಂದು ಮಾಡಿದವುಗಳಲ್ಲಿ ಎಡವುವುದು ಇಲ್ಲಿಯೇ. ಟೂ ವೀಲ್ ಜೀಪಿಗೆ ಫೋರ್ ವೀಲ್ ಕೂರಿಸಿದ್ದು, ಬಾಡಿ ಕತ್ತರಿಸಿ ಗಿಡ್ಡ ಮಾಡಿದ್ದು, ಎತ್ತರದ ಟಯರು ಹಾಕಿದ್ದು ಫೋಟೋಕ್ಕೆ ಚಂದ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ, ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ ಎಂದಿದೆ. ಕೇರಳದ ತಪಾಸಣೆಯವರು ಅದನ್ನು ಮರೆಯುವ ಪೈಕಿ ಅಲ್ಲ, ವಿಮೆಯವರಂತೂ ಅಪಘಾತದ ಮರುದಿನ ನೆನಪಿಸುತ್ತಾರೆ.

ಕೈಯಲ್ಲಿರುವ ದುಡ್ಡಿನ ಐದನೇ ಒಂದು ಪಾಲು ಖರೀದಿಗೆ ಖರ್ಚು ಮಾಡದೆ ಉಳಿಸಿಕೊಳ್ಳಿ. ಬಂದ ವಾರವೇ ಗೇರ್‌ಬಾಕ್ಸು, ಟ್ರಾನ್ಸ್‌ಫರ್, ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ಬದಲಿಸಬೇಕು. ಜಿಪ್ಸಿಗೆ ಎಲ್ಲ ಸೇರಿ ಐದರಿಂದ ಆರು ಲೀಟರ್. ಎಣ್ಣೆ ಇಳಿಸುವ ಮೊದಲು ತುಂಬುವ ಬೋಲ್ಟು ಬಿಚ್ಚಿ ಬರುತ್ತದೆಯೇ ನೋಡಿಕೊಳ್ಳಿ. ಇಳಿಸಿದ ಮೇಲೆ ಅದು ಬರದಿದ್ದರೆ ಎಣ್ಣೆಯಿಲ್ಲದ ವಾಹನ ಅಂಗಳದಲ್ಲಿ ಕೂರುತ್ತದೆ. ಬ್ರೀದರ್ ನಳಿಗೆಗೆ ಒಂದು ಮೀಟರ್ ಪೈಪು ಸೇರಿಸಿ ಇಂಜಿನಿನ ಎತ್ತರಕ್ಕೆ ಕಟ್ಟಿಬಿಡಿ.

ಕಲಿಯುವವರು ಮಳೆಗೆ ಮೊದಲೇ ಒಣ ಚರಳಿನ ಚಡಾವಿನಲ್ಲಿ ಒಂದು ಅಭ್ಯಾಸ ಮಾಡಿಕೊಳ್ಳಬೇಕು. ಲೋ ಗೇರಿನ ಫಸ್ಟಿನಲ್ಲಿ ಹತ್ತುತ್ತಾ ನಡುವಿನಲ್ಲಿ ಬೇಕೆಂದೇ ಇಂಜಿನು ಬಂದ್ ಬೀಳಿಸಿ. ಹೊಸಬರ ಕಾಲು ತಕ್ಷಣ ಕ್ಲಚ್ಚಿಗೆ ಹೋಗುತ್ತದೆ, ಕ್ಲಚ್ಚು ಒತ್ತಿದ ಕ್ಷಣ ವಾಹನ ಹಿಂದಕ್ಕೆ ಉರುಳುತ್ತದೆ. ಹಾಗಾಗಿ ಮೊದಲು ಬ್ರೇಕು, ಗಟ್ಟಿಯಾಗಿ. ಹ್ಯಾಂಡ್‌ಬ್ರೇಕೂ ಎಳೆಯಿರಿ. ಆಮೇಲೆ ಕ್ಲಚ್ಚು ಒತ್ತಿ ರಿವರ್ಸ್ ಹಾಕಿ, ಕ್ಲಚ್ಚು ಪೂರ್ತಿ ಬಿಡಿ. ಸ್ಟೇರಿಂಗ್ ನೇರ, ಕಣ್ಣು ಕನ್ನಡಿಯಲ್ಲಿ. ಹ್ಯಾಂಡ್‌ಬ್ರೇಕ್ ಇಳಿಸಿ, ಕಾಲಿನ ಬ್ರೇಕನ್ನು ನಿಧಾನ ಸಡಿಲಿಸಿದರೆ ಗೇರೇ ವಾಹನವನ್ನು ಹಿಡಿದುಕೊಳ್ಳುತ್ತದೆ. ಹಳೆ ಜೀಪು, ಜಿಪ್ಸಿಗಳಲ್ಲಿ ಹಾಗೇ ಕೀ ತಿರುಗಿಸಿದರೆ ಸ್ಟಾರ್ಟರ್ ಒಂದು ಎಳೆತ ಎಳೆದು, ಇಂಜಿನು ಹಿಡಿದು, ಬಂದ ದಾರಿಯಲ್ಲೇ ಹಿಂದಕ್ಕೆ ಮೆಲ್ಲನೆ ಇಳಿಯುತ್ತದೆ. ಕ್ಲಚ್ಚು ಒತ್ತದೆ ಸ್ಟಾರ್ಟ್ ಆಗದ ಹೊಸ ವಾಹನಗಳಲ್ಲಿ ಬ್ರೇಕು ಹಿಡಿದೇ ಸ್ಟಾರ್ಟ್ ಮಾಡಿ, ಕ್ಲಚ್ಚು ಪೂರ್ತಿ ಬಿಟ್ಟು ರಿವರ್ಸ್ ಗೇರು ಹಿಡಿದ ನಂತರವೇ ಬ್ರೇಕಿನಿಂದ ಕಾಲು ತೆಗೆಯಬೇಕು. ಬುಡದ ಸಮತಟ್ಟಿಗೆ ಬಂದು ನಿಂತ ಮೇಲೆ ಮತ್ತೊಮ್ಮೆ ಫಸ್ಟ್.